ಎಳೆಯರ ಲೇಖನಿಗೆ ದಾರಿ ತೋರಿದ ಪಂಜೆ ಮಂಗೇಶರಾಯರು

ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಹುಟ್ಟುವ ಮಗುವಿಗೆ ಪ್ರಾರ್ಥನೆ ಕೊಂಕಣಿಯಲ್ಲಿ, ನೆರೆಹೊರೆಯ ಒಡನಾಟ ತುಳುವಿನಲ್ಲಿ, ಶಾಲೆಯ ಪಾಠ ಕನ್ನಡದಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಇಷ್ಟೊಂದು ಭಾಷೆಗಳ ನಡುವೆ ಬೆಳೆಯುವ ಮಗು ಮಾತಿನಲ್ಲಿ ಸೋಲುವುದಿಲ್ಲ. ಆದರೆ ತನ್ನದೇ ಆದ ನಾಲ್ಕು ವಾಕ್ಯಗಳನ್ನು ಬರೆಯೆಂದು ಹೇಳಿದೊಡನೆ ಪೆನ್ಸಿಲು ಕಚ್ಚುತ್ತ ಕುಳಿತುಬಿಡುತ್ತದೆ. ಪ್ರಾಥಮಿಕ ಶಾಲೆಯ ಈ ತೊಡಕಿನ ಬಗ್ಗೆ ಚಿಂತಿಸುವಾಗ, ಮನೆಮಾತು ಕೊಂಕಣಿಯಾಗಿದ್ದೂ ಕನ್ನಡದ ಎಳೆಯರಿಗೆ ಹಾಡು-ಕಥೆಗಳ ಬಾಗಿಲನ್ನು ತೆರೆದ ಪಂಜೆ ಮಂಗೇಶರಾಯರನ್ನು ನಾವು ನೆನೆಯಲೇಬೇಕು.

ಮಂಗೇಶರಾಯರು ಜನಿಸಿದ್ದು 1874ರ ಫೆಬ್ರವರಿ 22ರಂದು, ಬಂಟ್ವಾಳದಲ್ಲಿ. ಮಂಗಳೂರಿನಲ್ಲಿ ವಿದ್ಯಾಭ್ಯಾಸ ಪಡೆದು, ಅಲ್ಲಿಯ ಸರಕಾರಿ ಕಾಲೇಜಿನಲ್ಲೇ ಕನ್ನಡ ಪಂಡಿತರಾದರು. ಮುಂದೆ ಶಾಲಾ ಇನ್ಸ್‌ಪೆಕ್ಟರರಾಗಿ, ಕೊಡಗಿನಲ್ಲಿ ಮುಖ್ಯೋಪಾಧ್ಯಾಯರಾಗಿ ಸೇವೆ ಸಲ್ಲಿಸಿದರು. ಉಡುಪಿ, ಕಾಪು, ಕಾರ್ಕಳಗಳು ಆಗ ಮದರಾಸು ಪ್ರಾಂತಕ್ಕೆ ಸೇರಿದ ಅಖಂಡ ದಕ್ಷಿಣ ಕನ್ನಡ ಜಿಲ್ಲೆಯ ಭಾಗಗಳಾಗಿದ್ದವು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1900ರ ಸುಮಾರಿಗೆ 'ಸುವಾಸಿನಿ' ಪತ್ರಿಕೆಯಲ್ಲಿ ಕಥೆಗಳನ್ನು ಬರೆದು, ಕನ್ನಡದ ಸಣ್ಣಕಥೆಗೆ ಬುನಾದಿ ಹಾಕಿದವರಲ್ಲಿ ಒಬ್ಬರೆನಿಸಿದರು. ಪಂಡಿತರಾಗಿದ್ದರೂ ತಮ್ಮ ಕಾವ್ಯನಾಮವನ್ನು 'ಕವಿಶಿಷ್ಯ' ಎಂದು ಇರಿಸಿಕೊಂಡದ್ದು ಅವರ ಸ್ವಭಾವಕ್ಕೆ ತಕ್ಕುದಾಗಿತ್ತು. ಕಲಿಸುವವನು ಕಲಿಯುವವನಾಗಿಯೂ ಉಳಿಯಬೇಕೆಂಬ ಪಾಠ ಆ ಹೆಸರಿನಲ್ಲೇ ಇದೆ.

ಎಳೆಯರಿಗೆಂದೇ ರಚಿಸಿದ ಪದ್ಯಗಳು ಕನ್ನಡದಲ್ಲಿ ವಿರಳವಾಗಿದ್ದ ದಿನಗಳವು. ಆ ಕೊರತೆಯನ್ನು ತುಂಬಲು ಮಂಗೇಶರಾಯರು ಮಕ್ಕಳಿಗಾಗಿ ಕನ್ನಡ ಪದ್ಯಪುಸ್ತಕಗಳನ್ನು ಸಿದ್ಧಪಡಿಸಿದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಇಂಗ್ಲಿಷಿನ ಶಿಶುಕಥೆಗಳನ್ನು ತಂದಾಗಲೂ ಅವಕ್ಕೆ ನಮ್ಮ ನೆಲದ ಉಡುಗೆಯನ್ನೇ ತೊಡಿಸಿದರು. ತುಳು ಪಾಡ್ದನಗಳ ವೀರರಾದ ಕೋಟಿ-ಚೆನ್ನಯರ ಕಥೆಯನ್ನು ಕನ್ನಡ ಗದ್ಯಕ್ಕಿಳಿಸಿದರು. ಗರಡಿಯ ಸುತ್ತಮುತ್ತ ಬೆಳೆದ ಮಗುವಿಗೆ, ಮನೆಯಲ್ಲಿ ಕೇಳಿದ ಕಥೆ ಪುಸ್ತಕದಲ್ಲಿಯೂ ಇರಬಲ್ಲದೆಂಬ ಧೈರ್ಯವನ್ನು ಅದು ಕೊಟ್ಟಿತು.

ಅವರ 'ಸಿಗಡಿ ಯಾಕೆ ಒಣಗಲಿಲ್ಲ?' ಎಂಬ ಕಥೆಯನ್ನು ಗಮನಿಸೋಣ. ಅಲ್ಲಿ ಒಂದು ಪ್ರಶ್ನೆಗೆ ಬಂದ ಉತ್ತರವೇ ಮತ್ತೊಂದು ಪ್ರಶ್ನೆಯನ್ನು ಹುಟ್ಟಿಸುತ್ತದೆ. ಕಥೆ ಸರಪಳಿಯಂತೆ ಮುಂದುವರಿಯುತ್ತದೆ. ವಾಕ್ಯಗಳು ಚಿಕ್ಕವು, ಅವುಗಳ ಅಚ್ಚು ಒಂದೇ. ಬದಲಾಗುವುದು ಹೆಸರು ಮತ್ತು ಕೆಲಸ ಮಾತ್ರ. ಈ ಅಚ್ಚು ಕೈವಶವಾದ ಮಗು ತಾನೇ ಮುಂದಿನ ವಾಕ್ಯವನ್ನು ಕಟ್ಟಬಲ್ಲದು. ಕಾಪುವಿನ ಕಡಲತಡಿಯ ಮಗುವಿಗೆ ಒಣಸಿಗಡಿ ಹೊಸ ವಸ್ತುವೇನೂ ಅಲ್ಲ. ತುಳುವಿನಲ್ಲಿ ಅದು ಎಟ್ಟಿ, ಕೊಂಕಣಿಯಲ್ಲಿ ಸುಂಗ್ಟಾಂ. ಕಂಡ ವಸ್ತು, ಮೂಗಿಗೆ ಗೊತ್ತಿರುವ ವಾಸನೆ, ನಾಲಗೆಗೆ ಗೊತ್ತಿರುವ ರುಚಿ. ಕಲಿಯಬೇಕಾದದ್ದು ಕನ್ನಡದ ಒಂದು ಶಬ್ದ ಮತ್ತು ಒಂದು ವಾಕ್ಯದ ಅಚ್ಚು ಮಾತ್ರ. ನಾಲ್ಕು ವಾಕ್ಯಗಳ ಬರಹಕ್ಕೆ ಇಷ್ಟು ಸಾಕು.

ಅವರ ಪ್ರಸಿದ್ಧ ನಾಗರಹಾವಿನ ಪದ್ಯದ ಗುಟ್ಟೂ ಇದೇ. ಮಗು ಹಾವಿನ ವಿವರಣೆ ಕೊಡಲು ಹೋಗದೆ ಹಾವಿನೊಡನೆಯೇ ಮಾತಿಗಿಳಿಯುತ್ತದೆ: ಅದನ್ನು ಕರೆಯುತ್ತದೆ, ಅದರ ಮನೆಯನ್ನು ವಿಚಾರಿಸುತ್ತದೆ, ಅದನ್ನು ಉಪಚರಿಸಲು ಮುಂದಾಗುತ್ತದೆ. ದನದ ಬಗ್ಗೆ ಪ್ರಬಂಧ ಬರೆಯಲಾರದ ಮಗು, ದನದೊಡನೆ ಮಾತನಾಡೆಂದರೆ ಒಂದು ಪುಟ ತುಂಬಿಸೀತು. ಇದೇ ದಾರಿ ಕನ್ನಡಕ್ಕೂ ಸಲ್ಲುತ್ತದೆ, ಇಂಗ್ಲಿಷಿಗೂ ಸಲ್ಲುತ್ತದೆ; ದೂರದ ಸ್ಪ್ಯಾನಿಷ್ ಭಾಷೆಯನ್ನು ಕಲಿಯುವ ಎಳೆಯರಿಗೂ ಸಲ್ಲುತ್ತದೆ.

ಮಂಗೇಶರಾಯರ ಶಿಷ್ಯರಲ್ಲಿ ಒಬ್ಬರು ಮಂಜೇಶ್ವರದ ಗೋವಿಂದ ಪೈಗಳು. ಅವರ ಮನೆಮಾತೂ ಕೊಂಕಣಿಯೇ. ರಾಷ್ಟ್ರಕವಿ ಎನಿಸಿದ ಪೈಗಳು ಪ್ರಭು ಯೇಸುವಿನ ಕೊನೆಯ ದಿನವನ್ನು ವಸ್ತುವಾಗಿಸಿ 'ಗೊಲ್ಗೊಥಾ' ಕಾವ್ಯವನ್ನು ರಚಿಸಿದರೆಂಬುದು ಕ್ರೈಸ್ತರಾದ ನಮಗೆ ಹೆಮ್ಮೆಯ ಸಂಗತಿ. ಉಡುಪಿಯಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಮನೆಯ ಭಾಷೆ ಬೇರೆಯಾದ ಮಾತ್ರಕ್ಕೆ ಶಾಲೆಯ ಭಾಷೆಯಲ್ಲಿ ಬರೆಯುವ ಕೈ ಹಿಂದೆ ಬೀಳಬೇಕಾಗಿಲ್ಲವೆಂಬುದಕ್ಕೆ ಈ ಗುರುಶಿಷ್ಯರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೊಡಗಿನ ಒಡನಾಟದ ಫಲವಾಗಿ ಮೂಡಿದ 'ಹುತ್ತರಿ ಹಾಡು' ಆ ನಾಡಿನವರ ಮನಸ್ಸನ್ನೂ ಗೆದ್ದಿತು. 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಮಂಗೇಶರಾಯರಿಗೆ ಒದಗಿಬಂತು. ಎಳೆಯರಿಗಾಗಿ ಇಲಿ, ಕಾಗೆ, ಕೋಳಿಗಳ ಕಥೆ ಬರೆದವರನ್ನು ನಾಡು ಹಿರಿಯ ಸಾಹಿತಿಯೆಂದು ಗೌರವಿಸಿದ್ದು ಸಣ್ಣ ಮಾತಲ್ಲ. 1937ರ ಅಕ್ಟೋಬರ್ 25ರಂದು ಅವರು ಹೈದರಾಬಾದಿನಲ್ಲಿ ನಿಧನರಾದರು.

ಇಂದು ಕಾರ್ಕಳದ ಹಳ್ಳಿಗಳಲ್ಲಾಗಲಿ, ಮಣಿಪಾಲದ ಬಹುಮಹಡಿ ಮನೆಗಳಲ್ಲಾಗಲಿ, ಮಕ್ಕಳು ಬರೆಯುವುದಕ್ಕೇನೂ ಕಡಿಮೆಯಿಲ್ಲ. ಪುಟಗಟ್ಟಲೆ ಬರೆಯುತ್ತಾರೆ, ಬಹುಪಾಲು ನಕಲು ಮಾಡಿದ ಉತ್ತರಗಳು. ಅಂಕಗಳ ಓಟದಲ್ಲಿ ಮಗುವಿನ ಸ್ವಂತ ವಾಕ್ಯ ಎಲ್ಲೋ ಕಳೆದುಹೋಗುತ್ತಿದೆ. ಸ್ವಂತ ವಾಕ್ಯವಿಲ್ಲದೆ ಬೆಳೆದವರು ನಾಳೆ ತಮ್ಮ ನೋವನ್ನಾಗಲಿ ನ್ಯಾಯವನ್ನಾಗಲಿ ಬರೆದು ಹೇಳಲಾರರು. ಸಂಜೆಯ ತೇರ್ಸ್ ಮುಗಿದ ಬಳಿಕ ಅಜ್ಜಿಯ ಬಾಯಿಂದ ಒಂದು ಕೊಂಕಣಿ ಕಥೆ ಬರಲಿ. ಮಗು ಅದನ್ನು ತನ್ನ ಶಾಲೆಯ ಭಾಷೆಯಲ್ಲಿ ನಾಲ್ಕು ವಾಕ್ಯಗಳಾಗಿ ಬರೆಯಲಿ. ನಡುವೆ ಕೊಂಕಣಿಯದೊಂದು ಶಬ್ದ ನುಸುಳಿದರೆ ಕೆಂಪು ಶಾಯಿಗೆ ಅವಸರ ಬೇಡ. ಮೊದಲು ಆ ಬರಹವನ್ನು ಮನೆಮಂದಿಯೆಲ್ಲ ಕೇಳಿ ನಗುವಂತಾಗಲಿ. ಕಾಗುಣಿತದ ತಿದ್ದುಪಡಿ ಮರುದಿನಕ್ಕಿರಲಿ.