ಐವತ್ತು ಸೆಂಟಿನ ಪುಸ್ತಕ

ನಮ್ಮ ಕನ್ನಡ ಶಾಲೆಯಲ್ಲಿ ಪದವಿ ಪಡೆಯುವ ಪ್ರತಿಯೊಬ್ಬರೂ ವೇದಿಕೆಯ ಮೇಲೆ ಕನ್ನಡದಲ್ಲಿ ಮಾತನಾಡಬೇಕು. ಒಳ್ಳೆಯ ಭಾಷಣಕ್ಕೆ ಎಷ್ಟು ದಿನ ತಯಾರಿ ಬೇಕು ಎಂದು ಯೋಚಿಸಿದಾಗ ನನಗೆ ನೆನಪಾದವರು ಫ್ರೆಡರಿಕ್ ಡಗ್ಲಾಸ್. ನಾವು ವಾಸಿಸುವ ಮೇರಿಲ್ಯಾಂಡ್ ರಾಜ್ಯದಲ್ಲೇ ಅವರು ಹುಟ್ಟಿದ್ದು. ಹೈಸ್ಕೂಲಿನಲ್ಲಿ ಅವರ ಆತ್ಮಕಥೆಯನ್ನು ಓದಿದ ಮೇಲೆ ಅವರ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಎಂದು ನನಗೆ ಆಸೆಯಾಗಿತ್ತು.

ಡಗ್ಲಾಸ್ 1818ರಲ್ಲಿ ಗುಲಾಮರಾಗಿ ಹುಟ್ಟಿದರು. ಹುಟ್ಟಿದ ದಿನ ಯಾವುದೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಕೂಸಾಗಿದ್ದಾಗಲೇ ಅವರನ್ನು ತಾಯಿಯಿಂದ ಬೇರೆ ಮಾಡಿದರು. ಸುಮಾರು ಎಂಟು ವರ್ಷದವರಿದ್ದಾಗ ಬಾಲ್ಟಿಮೋರ್ ನಗರದ ಒಂದು ಮನೆಗೆ ಕೆಲಸಕ್ಕೆ ಕಳುಹಿಸಿದರು. ಆ ಮನೆಯ ಯಜಮಾನಿ ಸೋಫಿಯಾ ಆಲ್ಡ್ ಅವರಿಗೆ ಅಕ್ಷರ ಹೇಳಿಕೊಡಲು ಶುರುಮಾಡಿದರು. ಇದು ಗಂಡನಿಗೆ ಗೊತ್ತಾದ ಕೂಡಲೇ ಪಾಠ ನಿಂತುಹೋಯಿತು. ಓದು ಕಲಿತ ಗುಲಾಮ ಕೈಯಲ್ಲಿ ಉಳಿಯುವುದಿಲ್ಲ ಎಂಬುದು ಆ ಯಜಮಾನನ ಭಯ. ಆ ಭಯವನ್ನು ನೋಡಿದ ಹುಡುಗನಿಗೆ ಓದಿನಲ್ಲಿ ಎಷ್ಟು ಶಕ್ತಿ ಇದೆ ಎಂದು ಅರ್ಥವಾಯಿತು.

ನಮಗೆ ಅ ಆ ಇ ಈ ಕಲಿಸಲು ಅಪ್ಪ ಅಮ್ಮ ಭಾನುವಾರದ ನಿದ್ದೆ ಬಿಟ್ಟು ಕಾರಿನಲ್ಲಿ ಕರೆದುಕೊಂಡು ಬರುತ್ತಾರೆ. ಡಗ್ಲಾಸ್ ಮಾತ್ರ ಕದ್ದು ಕಲಿಯಬೇಕಾಯಿತು. ಬೀದಿಯ ಬಡ ಬಿಳಿಯ ಹುಡುಗರಿಗೆ ಬ್ರೆಡ್ ಕೊಟ್ಟು ಅವರಿಂದ ಓದು ಕಲಿತರು. ಹಡಗು ಕಟ್ಟುವ ಜಾಗದಲ್ಲಿ ಮರದ ಹಲಗೆಗಳ ಮೇಲೆ ಬಡಗಿಗಳು ಗುರುತಿಗಾಗಿ ಬರೆಯುತ್ತಿದ್ದ ಅಕ್ಷರಗಳನ್ನು ನೋಡಿ ಬರೆಯಲು ಕಲಿತರು. ಸುಮಾರು ಹನ್ನೆರಡನೇ ವಯಸ್ಸಿನಲ್ಲಿ ತಾವೇ ಸಂಪಾದಿಸಿದ 50 ಸೆಂಟ್ ಕೊಟ್ಟು 'ದ ಕೊಲಂಬಿಯನ್ ಆರೇಟರ್' ಎಂಬ ಪುಸ್ತಕ ಕೊಂಡರು. ಅದರಲ್ಲಿ ದೊಡ್ಡವರ ಭಾಷಣಗಳಿದ್ದವು, ಭಾಷಣ ಮಾಡುವುದು ಹೇಗೆ ಎಂಬ ಪಾಠವೂ ಇತ್ತು. ಒಬ್ಬ ಗುಲಾಮ ತನ್ನ ಯಜಮಾನನ ಜೊತೆ ವಾದ ಮಾಡಿ, ಆ ವಾದದಿಂದಲೇ ಬಿಡುಗಡೆ ಪಡೆಯುವ ಸಂಭಾಷಣೆಯೂ ಇತ್ತು. ಡಗ್ಲಾಸ್ ಅದನ್ನು ಮತ್ತೆ ಮತ್ತೆ ಓದಿದರು.

1838ರಲ್ಲಿ ನಾವಿಕನ ವೇಷ ಹಾಕಿಕೊಂಡು, ಬೇರೊಬ್ಬರ ಕಾಗದಪತ್ರ ಹಿಡಿದು, ರೈಲು ಹತ್ತಿ ಅವರು ತಪ್ಪಿಸಿಕೊಂಡರು. ಮೂರು ವರ್ಷದ ನಂತರ ನಾಂಟಕೆಟ್ ದ್ವೀಪದಲ್ಲಿ ಗುಲಾಮಗಿರಿಯ ವಿರುದ್ಧ ನಡೆದ ಸಭೆಯಲ್ಲಿ ಅವರನ್ನು ಮಾತನಾಡಲು ಕರೆದರು. ಬಿಳಿಯರ ಮುಂದೆ ನಿಂತಾಗ ಅವರಿಗೆ ತುಂಬಾ ಅಂಜಿಕೆಯಾಯಿತು. ಆದರೂ ಮಾತು ಮುಂದುವರಿಸಿದರು. ಆ ಸಭೆಯ ನಂತರ ಊರೂರು ತಿರುಗಿ ಭಾಷಣ ಮಾಡುವುದೇ ಅವರ ಕೆಲಸವಾಯಿತು.

ಆಗ ಹೊಸ ತೊಂದರೆ ಬಂತು. ಇಷ್ಟು ಚೆನ್ನಾಗಿ ಮಾತನಾಡುವವನು ಗುಲಾಮನಾಗಿದ್ದಿರಲು ಸಾಧ್ಯವೇ ಎಂದು ಜನ ಅನುಮಾನಪಟ್ಟರು. ಅದಕ್ಕೆ ಉತ್ತರವಾಗಿ 1845ರಲ್ಲಿ ಅವರು ಊರು, ಯಜಮಾನರ ಹೆಸರು ಎಲ್ಲವನ್ನೂ ಬರೆದು ಆತ್ಮಕಥೆ ಪ್ರಕಟಿಸಿದರು. ಇದರಿಂದ ಅವರನ್ನು ಮತ್ತೆ ಹಿಡಿದು ಎಳೆದೊಯ್ಯುವ ಅಪಾಯವಿತ್ತು. ಹಾಗಾಗಿ ಸುಮಾರು ಎರಡು ವರ್ಷ ಐರ್ಲೆಂಡ್, ಬ್ರಿಟನ್‌ಗಳಲ್ಲಿ ಇರಬೇಕಾಯಿತು. ಅಲ್ಲಿಯ ಸ್ನೇಹಿತರು ಹಣ ಕೂಡಿಸಿ ಅವರ ಬಿಡುಗಡೆಯನ್ನು ಕೊಂಡರು.

ನನಗೆ ತುಂಬಾ ಇಷ್ಟವಾದದ್ದು 1852ರ ಭಾಷಣ. ರಾಚೆಸ್ಟರ್ ನಗರದಲ್ಲಿ ಗುಲಾಮಗಿರಿಯನ್ನು ವಿರೋಧಿಸುವ ಮಹಿಳೆಯರ ಸಂಘ ಸ್ವಾತಂತ್ರ್ಯ ದಿನಾಚರಣೆಗಾಗಿ ಅವರನ್ನು ಆಹ್ವಾನಿಸಿತ್ತು. ಅಷ್ಟು ಅನುಭವವಿದ್ದರೂ ಅವರು ಎರಡು ಮೂರು ವಾರ ಆ ಭಾಷಣ ಬರೆಯುವುದಕ್ಕೆ ಕೊಟ್ಟರು. ಜುಲೈ 4ರ ಬದಲು 5ರಂದು, ಕೊರಿಂಥಿಯನ್ ಹಾಲ್‌ನಲ್ಲಿ 500ಕ್ಕೂ ಹೆಚ್ಚು ಜನರ ಮುಂದೆ ನಿಂತರು. ಮೊದಲು ದೇಶ ಕಟ್ಟಿದ ಹಿರಿಯರ ಧೈರ್ಯವನ್ನು ಹೊಗಳಿದರು. ಆಮೇಲೆ, ಲಕ್ಷಾಂತರ ಜನ ಸಂಕೋಲೆಯಲ್ಲಿರುವಾಗ ಈ ಹಬ್ಬ ಗುಲಾಮನಿಗೆ ಏನು ಕೊಟ್ಟಿದೆ ಎಂದು ಕೇಳಿದರು. ಈ ಸಂಭ್ರಮ ನಿಮ್ಮದು, ನನ್ನದಲ್ಲ ಎಂದು ನೇರವಾಗಿ ತಿಳಿಸಿದರು. ಕೊನೆಗೆ, ಈ ದೇಶದ ಮೇಲೆ ತಮಗೆ ಇನ್ನೂ ಭರವಸೆ ಇದೆ ಎಂದು ಮಾತು ಮುಗಿಸಿದರು. ಜನ ಜೋರಾಗಿ ಚಪ್ಪಾಳೆ ತಟ್ಟಿದರು.

ಅಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ಅವರ ಸ್ನೇಹಿತರೇ. ಅವರಿಗೆ ಖುಷಿಯಾಗುವ ನಾಲ್ಕು ಮಾತು ಹೇಳಿ ಕೆಳಗಿಳಿಯುವುದು ಸುಲಭವಾಗಿತ್ತು. ಕರೆದವರಿಗೇ ಕಷ್ಟವಾಗುವ ಸತ್ಯವನ್ನು ಅವರು ಕೇಳುವ ಹಾಗೆ ಹೇಳುವುದಕ್ಕೆ ತಯಾರಿ ಬೇಕು. ಡಗ್ಲಾಸ್ ಅವರ ಆ ತಯಾರಿ ಮೂರು ವಾರದ್ದಲ್ಲ, ಬ್ರೆಡ್ ಕೊಟ್ಟು ಅಕ್ಷರ ಕಲಿತ ದಿನವೇ ಶುರುವಾಗಿತ್ತು ಎಂದು ನನಗೆ ಅನಿಸುತ್ತದೆ.

1865ರಲ್ಲಿ ಸಂವಿಧಾನದ 13ನೇ ತಿದ್ದುಪಡಿಯಿಂದ ಗುಲಾಮಗಿರಿ ಕೊನೆಯಾಯಿತು. ಡಗ್ಲಾಸ್ ಮಾತ್ರ ಸುಮ್ಮನೆ ಕೂರಲಿಲ್ಲ. 1895ರ ಫೆಬ್ರವರಿ 20ರಂದು ಮಹಿಳೆಯರ ಹಕ್ಕುಗಳ ಸಭೆಗೆ ಹೋಗಿ ಬಂದು, ಅದೇ ಸಂಜೆ ಮನೆಯಲ್ಲಿ ತೀರಿಕೊಂಡರು. ವಾಷಿಂಗ್ಟನ್‌ನ ಅನಕೋಸ್ಟಿಯಾದಲ್ಲಿರುವ ಆ ಮನೆಯನ್ನು ಇಂದಿಗೂ ಕಾಪಾಡಿದ್ದಾರೆ. ಚಿಕ್ಕ ತರಗತಿಯ ತಮ್ಮ ತಂಗಿಯರೇ, ಅಪ್ಪ ಅಮ್ಮನಿಗೆ ಹೇಳಿ ಒಮ್ಮೆ ಹೋಗಿಬನ್ನಿ. ಓದಲೇಬಾರದು ಎಂದು ತಡೆದ ಹುಡುಗ ಕೂಡಿಟ್ಟ ಪುಸ್ತಕಗಳು ಅಲ್ಲಿ ಕಪಾಟಿನ ತುಂಬ ಇವೆ.