ಹೊಟ್ಟೆಯೊಳಗೆ ಬೆಳಕು ಹಾಯಿಸಿದ ಡಾ. ರುಡಾಲ್ಫ್ ಷಿಂಡ್ಲರ್

ವಾರಗಟ್ಟಲೆ ಬಿಡದ ಎದೆಯುರಿ, ಮೇಲ್ಹೊಟ್ಟೆಯಲ್ಲಿ ಸಂಕಟ, ಉಂಡದ್ದು ಗಂಟಲಿನಿಂದ ಕೆಳಗಿಳಿಯದ ತೊಂದರೆ... ಹೀಗೆಂದು ಪೇಟೆಯ ಆಸ್ಪತ್ರೆಗೆ ಹೋದವರಿಗೆ ಇಂದು ವೈದ್ಯರು ಎಂಡೋಸ್ಕೋಪಿಗೆ ಬರೆದುಕೊಡುತ್ತಾರೆ. ಗಡಿಯ ಹಳ್ಳಿಗಳಲ್ಲೂ ಈ ಹೆಸರು ಕೇಳದವರು ಈಗ ಕಡಿಮೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಇನ್ನೊಂದು ಭಾಷೆ ಆಡುವ ಊರುಗಳಲ್ಲೂ ಈ ಪದ ಮಾತ್ರ ಎರಡು ಕಡೆಯೂ ಒಂದೇ. ಪೈಪ್ ಹಾಕಿ ನೋಡುವುದು ಎಂದರೂ ಎಲ್ಲರಿಗೂ ಅರ್ಥವಾಗುತ್ತದೆ. ಹೆದರುವವರು ಈಗಲೂ ಇದ್ದಾರೆ. ಆದರೆ ಪರೀಕ್ಷೆ ಐದು ಹತ್ತು ನಿಮಿಷಗಳಲ್ಲಿ ಮುಗಿಯುತ್ತದೆ, ಹೆಚ್ಚಿನವರು ಅದೇ ದಿನ ಬಸ್ಸು ಹತ್ತಿ ಮನೆಗೆ ಬರುತ್ತಾರೆ.

ನೂರು ವರ್ಷಗಳ ಹಿಂದೆ ಹೀಗಿರಲಿಲ್ಲ. ಅಂದು ಹೊಟ್ಟೆಯೊಳಗೆ ಇಳಿಸುತ್ತಿದ್ದದ್ದು ಬಾಗದ ಲೋಹದ ಕೊಳವೆ. ಅನ್ನನಾಳಕ್ಕೆ ತೂತು ಬಿದ್ದು ರೋಗಿ ಸತ್ತದ್ದೂ ಉಂಟು. ಆ ಕೊಳವೆಯನ್ನು ಬಾಗುವಂತೆ ಮಾಡಿ, ಈ ಪರೀಕ್ಷೆಯನ್ನು ಮನುಷ್ಯರು ನಂಬಿ ಒಪ್ಪಿಕೊಳ್ಳುವ ಮಟ್ಟಕ್ಕೆ ತಂದವರು ಜರ್ಮನಿಯ ಡಾ. ರುಡಾಲ್ಫ್ ಷಿಂಡ್ಲರ್. ಷಿಂಡ್ಲರ್ ಎಂದೊಡನೆ ಕೆಲವರಿಗೆ ಸ್ಪೀಲ್‌ಬರ್ಗ್ ಅವರ 1993ರ ಸಿನಿಮಾ ನೆನಪಾದೀತು. ಆ ಷಿಂಡ್ಲರ್ ಬೇರೆ, ಯಹೂದಿಗಳನ್ನು ಉಳಿಸಿದ ಕಾರ್ಖಾನೆಯ ಮಾಲೀಕ. ಈ ಷಿಂಡ್ಲರ್ ಯಹೂದಿ ಮೂಲದ ವೈದ್ಯ. ತನ್ನ ಪ್ರಾಣವನ್ನೇ ಉಳಿಸಿಕೊಂಡು ದೇಶ ಬಿಡಬೇಕಾಗಿ ಬಂದವರು.

ಹುಟ್ಟಿದ್ದು 1888ರ ಮೇ 10ರಂದು, ಬರ್ಲಿನ್ ನಗರದಲ್ಲಿ. ವೈದ್ಯಕೀಯ ಓದಿ ಮುಗಿಸಿದ ಕೆಲವೇ ವರ್ಷಗಳಲ್ಲಿ ಮೊದಲ ಮಹಾಯುದ್ಧ ಬಂತು. ಸೇನೆಯ ವೈದ್ಯರಾಗಿ ದುಡಿಯುತ್ತಿದ್ದಾಗ ಹೊಟ್ಟೆಯ ತೊಂದರೆಯಿಂದ ಒದ್ದಾಡುವ ಸೈನಿಕರನ್ನು ಅವರು ಕಂಡರು. ಜಠರದ ಒಳಪೊರೆಯ ಉರಿಯೂತ, ಅಂದರೆ ಇಂದು ಎಲ್ಲರೂ ಗ್ಯಾಸ್ಟ್ರೈಟಿಸ್ ಎನ್ನುವ ಕಾಯಿಲೆ, ಇವರಲ್ಲಿ ಬಹಳ ಮಂದಿಗಿದೆ ಎಂಬುದು ಅವರ ಗುಮಾನಿ. ಆದರೆ ತೋರಿಸುವುದು ಹೇಗೆ? ಎಕ್ಸ್‌ರೇಯಲ್ಲಿ ದೊಡ್ಡ ಹುಣ್ಣು, ಗಡ್ಡೆಗಳ ನೆರಳು ಕಂಡೀತು, ಒಳಪೊರೆ ಕೆಂಪಾಗಿದೆಯೋ ತೆಳುವಾಗಿದೆಯೋ ಕಾಣದು. ಸತ್ತ ಮೇಲೆ ದೇಹ ಕೊಯ್ದು ನೋಡಿದರೆ, ಜಠರದ ರಸವೇ ಆ ಪೊರೆಯನ್ನು ಬೇಗ ಕೆಡಿಸಿಬಿಟ್ಟಿರುತ್ತದೆ. ಬದುಕಿರುವಾಗಲೇ ಕಣ್ಣಿನಿಂದ ನೋಡಬೇಕು, ಬೇರೆ ದಾರಿಯಿಲ್ಲ.

ನೋಡುವ ಪ್ರಯತ್ನ ಹೊಸದೇನಲ್ಲ. 1868ರಲ್ಲಿ ಫ್ರೈಬುರ್ಗ್‌ನ ವೈದ್ಯ ಅಡಾಲ್ಫ್ ಕುಸ್ಮೌಲ್, ಕತ್ತಿ ನುಂಗುವ ಕಸರತ್ತಿನವನೊಬ್ಬನ ಗಂಟಲಿನಲ್ಲಿ 47 ಸೆಂಟಿಮೀಟರ್ ಉದ್ದದ ನೆಟ್ಟನೆಯ ಕೊಳವೆ ಇಳಿಸಿದ್ದರು. ಜಾತ್ರೆಯಲ್ಲಿ ಕತ್ತಿ ನುಂಗುವವನಿಗೆ ಅದು ಸಲೀಸು, ಆದರೆ ಆಗಿನ ದೀಪದ ಬೆಳಕು ಒಳಗೆ ಸಾಲಲಿಲ್ಲ. 1881ರಲ್ಲಿ ವಿಯೆನ್ನಾದ ಮಿಕುಲಿಚ್ ವಿದ್ಯುತ್ ಬೆಳಕಿನ ಕೊಳವೆ ಮಾಡಿಸಿ ರೋಗಿಗಳ ಜಠರವನ್ನೇ ನೋಡಿದರು. ಮುಂದೆ ಬಂದವರಲ್ಲಿ 1911ರಲ್ಲಿ ಹಾನ್ಸ್ ಎಲ್ಸ್‌ನರ್ ಮಾಡಿದ, ತುದಿಗೆ ರಬ್ಬರ್ ಇದ್ದ ನೇರ ಕೊಳವೆ ಷಿಂಡ್ಲರ್ ಕೈಗೆ ಸಿಕ್ಕಿತು. ಅದರ ದೊಡ್ಡ ಕೊರತೆ ಎಂದರೆ ಲೋಳೆ ಮೆತ್ತಿ ಕನ್ನಡಿ ಮಸುಕಾಗುವುದು. ಗಾಳಿ ಊದಿ ಅದನ್ನು ಒರೆಸುವ ದಾರಿಯೊಂದನ್ನು ಕೊಳವೆಯೊಳಗೇ ಸೇರಿಸಿ 1922ರಲ್ಲಿ ಷಿಂಡ್ಲರ್ ತಮ್ಮದೇ ದರ್ಶಕ ಸಿದ್ಧಪಡಿಸಿದರು.

ಆ ಹೊತ್ತಿಗೆ ಅವರು ಮ್ಯೂನಿಕ್‌ನ ಶ್ವಾಬಿಂಗ್ ಆಸ್ಪತ್ರೆಯಲ್ಲಿದ್ದರು. ಕೊಳವೆಯ ಹೊರತುದಿಗೆ ಕಣ್ಣಿಟ್ಟು ನೋಡಬಹುದಾದದ್ದು ಒಬ್ಬರೇ. ಫೋಟೋ ತೆಗೆಯುವಂತಿಲ್ಲ, ಪರದೆಯ ಮೇಲೆ ಇನ್ನೊಬ್ಬರಿಗೆ ತೋರಿಸುವಂತಿಲ್ಲ. ಹಾಗಾಗಿ ಕಂಡದ್ದನ್ನು ಬಣ್ಣದ ಚಿತ್ರಗಳಾಗಿ ಬರೆಯಿಸಿ 1923ರಲ್ಲಿ ದೊಡ್ಡ ಗ್ರಂಥವೊಂದನ್ನು ಹೊರತಂದರು. ಬದುಕಿರುವ ಮನುಷ್ಯನ ಜಠರದ ಒಳಗೋಡೆ, ಅದರ ಮಡಿಕೆ, ಹುಣ್ಣು, ಗಡ್ಡೆ ಹೇಗಿರುತ್ತದೆಂದು ಹೆಚ್ಚಿನ ವೈದ್ಯರು ಕಂಡದ್ದೇ ಈ ಪುಸ್ತಕದಲ್ಲಿ.

ಪುಸ್ತಕ ಓದಿದವರೆಲ್ಲ ಕೊಳವೆ ತರಿಸಿಕೊಂಡರು. ತೊಂದರೆ ಶುರುವಾದದ್ದು ಅಲ್ಲಿಯೇ! ನುರಿತ ಕೈಯಲ್ಲಿ ಸರಾಗವಾಗಿ ಇಳಿದ ನೇರ ಕೊಳವೆ ಕಲಿಯದವರ ಕೈಯಲ್ಲಿ ಮಾರಕವಾಯಿತು. ಅನ್ನನಾಳ ಹರಿದರೆ ಆಗ ಉಳಿಯುವುದೇ ಕಷ್ಟ, ಪೆನಿಸಿಲಿನ್ ಕೂಡ ಇರದ ಕಾಲ ಅದು. ಸಾವಿನ ಸುದ್ದಿಗಳು ಬಂದಂತೆ ಈ ಪರೀಕ್ಷೆಯೇ ಬೇಡ ಎನ್ನುವ ಮಾತು ಬಲವಾಯಿತು. ಕಲಿಯದೆ ಮಾಡಿದವರದ್ದು ತಪ್ಪು ಎಂದು ಹೇಳಿ ಷಿಂಡ್ಲರ್ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ತಾನು ಮಾಡಿದ ಕೊಳವೆಯನ್ನು ತಾನೇ ಬದಿಗಿಟ್ಟು, ಎಲ್ಲರ ಕೈಯಲ್ಲೂ ಅಪಾಯ ಕಡಿಮೆ ಇರುವ ಇನ್ನೊಂದನ್ನು ಹುಡುಕಹೊರಟರು. ಅವರ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ ಎನ್ನಬೇಕು.

ಬರ್ಲಿನ್‌ನಲ್ಲಿ ಗೆಯಾರ್ಗ್ ವುಲ್ಫ್ ಎಂಬ ಉಪಕರಣ ತಯಾರಕರಿದ್ದರು. ಇಬ್ಬರೂ ಸೇರಿ ವರ್ಷಗಟ್ಟಲೆ ಮಾದರಿ ಮಾಡಿದರು, ಕೆಡಿಸಿದರು, ಮತ್ತೆ ಮಾಡಿದರು. ಪ್ರಶ್ನೆ ಇದ್ದದ್ದು ಇಷ್ಟೇ: ಬೆಳಕು ನೇರವಾಗಿ ಹೋಗುತ್ತದೆ, ಕೊಳವೆ ಬಾಗಿದರೆ ಚಿತ್ರ ಹೇಗೆ ಬರಬೇಕು? ಒಂದರ ಹಿಂದೆ ಒಂದು ಹತ್ತಿರ ಹತ್ತಿರ ಪುಟ್ಟ ಮಸೂರಗಳನ್ನು ಜೋಡಿಸಿದರೆ ಪ್ರತಿ ಮಸೂರವೂ ಚಿತ್ರವನ್ನು ಮುಂದಿನದಕ್ಕೆ ದಾಟಿಸುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿಯಿಂದ ಸಾಲಾಗಿ ನಿಂತು ಕೊಡಪಾನ ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ. ಸಾಲು ಸ್ವಲ್ಪ ಸೊಟ್ಟವಾದರೂ ನೀರು ತಲುಪುತ್ತದೆ. 1932ರಲ್ಲಿ ಸಿದ್ಧವಾದ ದರ್ಶಕ 77 ಸೆಂಟಿಮೀಟರ್ ಉದ್ದವಿತ್ತು. ಮೇಲರ್ಧ ಗಟ್ಟಿ, ಕೆಳಗಿನರ್ಧ ಲೋಹದ ಸುರುಳಿಯ ಮೇಲೆ ರಬ್ಬರ್ ಹೊದಿಸಿದ್ದು, ತುದಿಯ ಬಳಿ ಪುಟ್ಟ ಬಲ್ಬು. ಹಾವಿನಂತೆ ಬಳುಕುತ್ತಿರಲಿಲ್ಲ, ಮೂವತ್ತು ಡಿಗ್ರಿಯಷ್ಟು ಬಾಗುತ್ತಿತ್ತು ಅಷ್ಟೆ. ಆದರೆ ಅಷ್ಟು ಬಾಗಿದ್ದೇ ಸಾಕಾಯಿತು, ಎದುರಾದ ಗೋಡೆಯನ್ನು ಚುಚ್ಚುವ ಬದಲು ಅದು ಜಾರಿಕೊಂಡು ಹೋಗುತ್ತಿತ್ತು.

ಉಪಕರಣದಷ್ಟೇ ಮುಖ್ಯವಾದ ಇನ್ನೊಂದಿತ್ತು, ಅದು ಅವರ ಪತ್ನಿ ಗಾಬ್ರಿಯೆಲೆಯ ಕೈ. ರೋಗಿ ಎಚ್ಚರವಾಗಿಯೇ ಇರುತ್ತಿದ್ದ. ಬರಿಹೊಟ್ಟೆಯಲ್ಲಿ ಬಂದವನ ಗಂಟಲಿಗೆ ಮರಗಟ್ಟಿಸುವ ಮದ್ದು ಹಚ್ಚಿ, ಎಡಮಗ್ಗುಲಲ್ಲಿ ಮಲಗಿಸಿ ಕೊಳವೆ ಇಳಿಸಬೇಕು. ಅಷ್ಟು ಹೊತ್ತೂ ಗಾಬ್ರಿಯೆಲೆ ರೋಗಿಯ ತಲೆಯನ್ನು ತಮ್ಮ ಕೈಗಳಲ್ಲಿ ಹಿಡಿದಿರುತ್ತಿದ್ದರು. ತಲೆ ಎಷ್ಟು ಹಿಂದಕ್ಕೆ ವಾಲಬೇಕು, ಯಾವಾಗ ಸ್ವಲ್ಪ ತಿರುಗಬೇಕು ಎಂಬುದೆಲ್ಲ ಅವರ ಲೆಕ್ಕ. ತಲೆ ಹಂದಿದರೆ ಕೊಳವೆಯ ದಾರಿಯೇ ತಪ್ಪುತ್ತದೆ. ಜೋಲ್ಲು ಒರೆಸುವುದು, ಹೆದರಿದವರನ್ನು ಸಮಾಧಾನಪಡಿಸುವುದು ಕೂಡ ಅವರ ಪಾಲಿಗೇ. ಅವರಿಲ್ಲದೆ ಷಿಂಡ್ಲರ್ ಪರೀಕ್ಷೆ ನಡೆಸಿದ್ದು ಅಪರೂಪ. ಇಂದು ಎಂಡೋಸ್ಕೋಪಿ ಕೋಣೆಯಲ್ಲಿ ರೋಗಿಯ ತಲೆಯ ಬಳಿ ನಿಲ್ಲುವ ನರ್ಸಮ್ಮ ಮಾಡುವ ಕೆಲಸದ ಮೊದಲ ಹೆಸರು ಗಾಬ್ರಿಯೆಲೆ ಷಿಂಡ್ಲರ್.

ಹೊಸ ದರ್ಶಕ ಬಂದ ಮರುವರ್ಷವೇ, 1933ರಲ್ಲಿ, ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿ ವೈದ್ಯರನ್ನು ಸರ್ಕಾರಿ ಹುದ್ದೆಗಳಿಂದ ಹೊರಹಾಕಲಾಯಿತು. ಷಿಂಡ್ಲರ್ ಅವರನ್ನು ರಕ್ಷಣಾ ಬಂಧನ ಎಂಬ ಹೆಸರಿನಲ್ಲಿ ಹಿಡಿದು ಸೆರೆಯಲ್ಲಿಟ್ಟರು. ಯಾರ ರಕ್ಷಣೆಗೆ? ಆ ಆಡಳಿತದ ಭಾಷೆಯೇ ಹಾಗಿತ್ತು. ಯುದ್ಧದಲ್ಲಿ ಅದೇ ದೇಶದ ಸೈನಿಕರಿಗೆ ಮದ್ದು ಮಾಡಿದವರು, ಲೋಕದ ವೈದ್ಯರು ಕಲಿಯಲು ಬರುತ್ತಿದ್ದ ಹೆಸರಾಂತ ತಜ್ಞರು ಎಂಬುದು ಯಾವ ಲೆಕ್ಕಕ್ಕೂ ಬರಲಿಲ್ಲ.

ಕೈಹಿಡಿದದ್ದು ಅವರ ಬಳಿ ಕಲಿತವರು. ಚಿಕಾಗೋದ ವೈದ್ಯೆ ಮೇರಿ ಆರ್ಟ್‌ಮೇಯರ್ ಮ್ಯೂನಿಕ್‌ಗೆ ಬಂದು ಈ ವಿದ್ಯೆ ಕಲಿತಿದ್ದರು. ಅವರೂ ಚಿಕಾಗೋ ವಿಶ್ವವಿದ್ಯಾಲಯದ ವಾಲ್ಟರ್ ಪಾಮರ್ ಅವರೂ ಓಡಾಡಿ, ಹಣ ಹೊಂದಿಸಿ, ಅಲ್ಲಿ ಅವರಿಗೊಂದು ಜಾಗ ಮಾಡಿಕೊಟ್ಟರು. 1934ರಲ್ಲಿ ಷಿಂಡ್ಲರ್ ಕುಟುಂಬ ಅಮೆರಿಕಕ್ಕೆ ಹೊರಟಿತು. ಆಗ ಅವರಿಗೆ 46 ವರ್ಷ. ಆ ವಯಸ್ಸಿನಲ್ಲಿ ಬೇರೆ ದೇಶ, ಬೇರೆ ಭಾಷೆಯಲ್ಲಿ ಮೊದಲಿನಿಂದ ಶುರು ಮಾಡುವುದು ಸುಲಭದ ಮಾತಲ್ಲ.

ಆದರೂ ಶುರು ಮಾಡಿದರು. 1937ರಲ್ಲಿ ಇಂಗ್ಲಿಷಿನಲ್ಲಿ ಅವರ ಗ್ರಂಥ ಬಂತು. ಅಮೆರಿಕದ ಊರೂರುಗಳಿಂದ ವೈದ್ಯರು ಚಿಕಾಗೋಕ್ಕೆ ಬಂದು ಕಲಿತು ಹೋದರು. ಕಲಿಸುವುದರಲ್ಲಿ ಅವರು ಬಲು ಕಟ್ಟುನಿಟ್ಟು. ಜರ್ಮನಿಯಲ್ಲಿ ಆದದ್ದು ಇಲ್ಲಿ ಆಗಬಾರದು, ಸರಿಯಾಗಿ ಕಲಿಯದವರು ಕೊಳವೆ ಮುಟ್ಟಬಾರದು ಎಂಬುದು ಅವರ ಹಟ. ಪರೀಕ್ಷೆ ಮಾಡುವ ವೈದ್ಯರಿಗೆಲ್ಲ ಪ್ರಶ್ನಾವಳಿ ಕಳಿಸಿ, ಎಷ್ಟು ಪರೀಕ್ಷೆ ಮಾಡಿದಿರಿ, ಎಷ್ಟು ಅನಾಹುತವಾಯಿತು ಎಂದು ಕೇಳಿ, ಬಂದ ಲೆಕ್ಕವನ್ನು 1940ರಲ್ಲಿ ಪ್ರಕಟಿಸಿದರು. ಬಾಗುವ ದರ್ಶಕದಿಂದ ಸಾವು ತೀರಾ ವಿರಳ ಎಂದು ಅದರಲ್ಲಿ ಸ್ಪಷ್ಟವಾಯಿತು. ತಮ್ಮದೇ ಉಪಕರಣದ ಅನಾಹುತಗಳನ್ನು ಎಣಿಸಿ ಊರಿಗೆಲ್ಲ ತಿಳಿಸುವವರು ಎಷ್ಟು ಮಂದಿ ಸಿಗುತ್ತಾರೆ? 1941ರಲ್ಲಿ ಕೆಲವೇ ಮಂದಿ ಸೇರಿ ಗ್ಯಾಸ್ಟ್ರೋಸ್ಕೋಪಿ ಕ್ಲಬ್ ಒಂದನ್ನು ಕಟ್ಟಿದಾಗ ಅದರ ಮೊದಲ ಅಧ್ಯಕ್ಷರು ಅವರೇ. ಇಂದು ಅಮೆರಿಕದ ಎಂಡೋಸ್ಕೋಪಿ ತಜ್ಞರ ದೊಡ್ಡ ಸಂಘವಾಗಿ ಬೆಳೆದಿರುವುದು ಅದೇ ಕ್ಲಬ್.

1943ರಲ್ಲಿ ಚಿಕಾಗೋ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದರು. ಮುಂದೆ ಬ್ರೆಜಿಲ್‌ನ ಬೆಲೊ ಹೊರಿಜಾಂಟೆಯಲ್ಲೂ ಕೆಲಕಾಲ ಪಾಠ ಹೇಳಿದರು.

ಗ್ಯಾಸ್ಟ್ರೈಟಿಸ್ ವಿಚಾರದಲ್ಲಿ ಮಾತ್ರ ಅವರಿಗೆ ಪೂರ್ತಿ ಒಪ್ಪಿಗೆ ಸಿಗಲಿಲ್ಲ. ಒಳಪೊರೆಯ ಉರಿಯೂತವನ್ನು ಕಣ್ಣಾರೆ ಕಂಡು ಬಗೆಬಗೆಯಾಗಿ ವಿಂಗಡಿಸಿ 1947ರಲ್ಲಿ ಅದಕ್ಕೆಂದೇ ಒಂದು ಪುಸ್ತಕ ಬರೆದರೂ, ಅದೊಂದು ಕಾಯಿಲೆಯೇ ಅಲ್ಲ ಎನ್ನುವವರು ಬಹಳ ಮಂದಿ ಇದ್ದರು. ಕಾರಣ ಏನೆಂದು ಷಿಂಡ್ಲರ್ ಅವರಿಗೂ ತಿಳಿದಿರಲಿಲ್ಲ. ಅದು ತಿಳಿದದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ವಾರೆನ್ ಮತ್ತು ಮಾರ್ಷಲ್, ಎಂಡೋಸ್ಕೋಪಿಯಲ್ಲಿ ತೆಗೆದ ಜಠರದ ಚೂರುಗಳಲ್ಲಿದ್ದ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣುವನ್ನು 1982ರಲ್ಲಿ ಬೆಳೆಸಿ ತೋರಿಸಿದರು. 1984ರಲ್ಲಿ ಮಾರ್ಷಲ್ ತಾವೇ ಆ ರೋಗಾಣು ಕುಡಿದು, ಕಾಯಿಲೆ ಬರಿಸಿಕೊಂಡು, ಎಂಡೋಸ್ಕೋಪಿ ಮಾಡಿಸಿಕೊಂಡು ಸಾಬೀತು ಮಾಡಿದರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹೊಟ್ಟೆಯ ಹುಣ್ಣಿಗೆ ಇಂದು ವೈದ್ಯರು ಎರಡು ವಾರ ಆ್ಯಂಟಿಬಯೋಟಿಕ್ ಕೊಡುವುದು ಈ ರೋಗಾಣುವಿಗಾಗಿಯೇ.

ಷಿಂಡ್ಲರ್ ದರ್ಶಕಕ್ಕೆ ಮಿತಿಗಳಿದ್ದವು. ಜಠರದ ಕೆಲವು ಮೂಲೆಗಳು ಕಾಣುತ್ತಿರಲಿಲ್ಲ, ಅದನ್ನು ದಾಟಿ ಸಣ್ಣ ಕರುಳಿನ ಆರಂಭಕ್ಕೆ ಹೋಗಲಾಗುತ್ತಿರಲಿಲ್ಲ. ನೋಡಬಹುದಿತ್ತು, ಏನೂ ಮಾಡುವಂತಿರಲಿಲ್ಲ. ಅದನ್ನು ಮೀರಿಸಿದ ಗಾಜಿನೆಳೆಯ ಕತೆಯಲ್ಲಿ ನಮ್ಮ ದೇಶದವರೊಬ್ಬರ ಪಾಲಿದೆ. ಪಂಜಾಬಿನ ಮೊಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಲಂಡನ್ನಿನಲ್ಲಿ ತಮ್ಮ ಗುರು ಹೆರಾಲ್ಡ್ ಹಾಪ್ಕಿನ್ಸ್ ಜೊತೆ, ಕೂದಲಿನಂಥ ಗಾಜಿನೆಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಬಹುದೆಂದು 1954ರಲ್ಲಿ ತೋರಿಸಿಕೊಟ್ಟರು. 2021ರಲ್ಲಿ ಭಾರತ ಸರ್ಕಾರ ಅವರಿಗೆ ಮರಣೋತ್ತರ ಪದ್ಮವಿಭೂಷಣ ನೀಡಿತು. ಆ ಲೇಖನ ಓದಿದ ಬೇಸಿಲ್ ಹಿರ್ಷೊವಿಟ್ಜ್ ಅಮೆರಿಕದ ಮಿಷಿಗನ್‌ನಲ್ಲಿ ಸಂಗಡಿಗರೊಡನೆ ಪೂರ್ತಿ ಬಳುಕುವ ದರ್ಶಕ ಮಾಡಿ, 1957ರಲ್ಲಿ ಮೊದಲು ತಾವೇ ನುಂಗಿ ನೋಡಿದರು. ಮುಂದಿನ ವರ್ಷಗಳಲ್ಲಿ ಷಿಂಡ್ಲರ್ ಕೊಳವೆ ಮೂಲೆ ಸೇರಿತು. ಹೊಸ ಕೊಳವೆಯ ಪಕ್ಕದ ದಾರಿಯಲ್ಲಿ ಚಿಮಟ, ತಂತಿ, ಸೂಜಿ ಇಳಿಸುವುದು ಸಾಧ್ಯವಾಯಿತು. ಅನುಮಾನದ ಜಾಗದಿಂದ ಚೂರು ತೆಗೆದು ಕ್ಯಾನ್ಸರ್ ಇದೆಯೇ ನೋಡುವುದು, ರಕ್ತ ಸುರಿಯುವ ಹುಣ್ಣಿಗೆ ಕ್ಲಿಪ್ ಹಾಕುವುದು, ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಕ್ಕೆ ರಬ್ಬರ್ ಬಳೆ ಬಿಗಿಯುವುದು, ಮಗು ನುಂಗಿದ ನಾಣ್ಯ ತೆಗೆಯುವುದು, ಇವೆಲ್ಲ ಈಗ ಹೊಟ್ಟೆ ಕೊಯ್ಯದೆಯೇ ಆಗುತ್ತವೆ. ಮಲ ಡಾಂಬರಿನಂತೆ ಕಪ್ಪಾದರೆ, ರಕ್ತವಾಂತಿಯಾದರೆ, ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ ಗ್ಯಾಸ್ಟ್ರಿಕ್ ಎಂದು ಅಂಗಡಿಯ ಮಾತ್ರೆ ನುಂಗುತ್ತಾ ದಿನ ದೂಡಬಾರದು ಎಂದು ವೈದ್ಯರು ಹೇಳುವುದು ಇದಕ್ಕೇ.

ಗಾಬ್ರಿಯೆಲೆ 1964ರಲ್ಲಿ ತೀರಿಕೊಂಡರು. ಷಿಂಡ್ಲರ್ ಕೊನೆಗಾಲಕ್ಕೆ, ತನ್ನನ್ನು ಸೆರೆಗೆ ತಳ್ಳಿದ ದೇಶಕ್ಕೇ, ಮ್ಯೂನಿಕ್‌ಗೇ ಮರಳಿದರು. 1968ರ ಸೆಪ್ಟೆಂಬರ್ 6ರಂದು ಅಲ್ಲಿಯೇ ಕೊನೆಯುಸಿರೆಳೆದರು, 80 ವರ್ಷವಾಗಿತ್ತು. ಅಮೆರಿಕದ ಎಂಡೋಸ್ಕೋಪಿ ತಜ್ಞರ ಸಂಘ ಕೊಡುವ ಅತ್ಯುನ್ನತ ಪ್ರಶಸ್ತಿ ರುಡಾಲ್ಫ್ ಷಿಂಡ್ಲರ್ ಹೆಸರಿನಲ್ಲಿದೆ. ಅಲ್ಲಿನ ಎಂಡೋಸ್ಕೋಪಿ ನರ್ಸ್‌ಗಳ ಸಂಘವೂ ತನ್ನ ಅತ್ಯುನ್ನತ ಪ್ರಶಸ್ತಿಗೆ ಒಂದು ಹೆಸರಿಟ್ಟಿದೆ, ಅದು ಗಾಬ್ರಿಯೆಲೆ ಷಿಂಡ್ಲರ್ ಅವರದು.