ಬ್ಯಾಟರಿಯ ಪಿತಾಮಹ ಅಲೆಸ್ಸಾಂಡ್ರೊ ವೋಲ್ಟಾ

ಮಕ್ಕಳೇ, ಟಾರ್ಚಿಗೆ ಹಾಕುವ ಸೆಲ್ಲನ್ನು ನೋಡಿದ್ದೀರಲ್ಲವೇ? ಹೆಚ್.ಡಿ. ಕೋಟೆಯ ಕಾಡಂಚಿನಲ್ಲಿ ರಾತ್ರಿ ಹೊಲ ಕಾಯುವವರ ಟಾರ್ಚಿಗೂ ಕೆ.ಆರ್. ನಗರದ ಮನೆಯ ಗೋಡೆ ಗಡಿಯಾರಕ್ಕೂ ಸೆಲ್ಲು ಬೇಕು. ಅದರ ಮೇಲೆ 1.5 ವೋಲ್ಟ್ ಎಂದು ಬರೆದಿರುತ್ತದೆ. ಈ ವೋಲ್ಟ್ ಎಂಬ ಪದ ಬಂದದ್ದು ಬ್ಯಾಟರಿಯನ್ನು ಕಂಡುಹಿಡಿದ ವಿಜ್ಞಾನಿಯ ಹೆಸರಿನಿಂದ.

ಅಲೆಸ್ಸಾಂಡ್ರೊ ವೋಲ್ಟಾ 1745ರ ಫೆಬ್ರವರಿ 18ರಂದು ಇಟಲಿಯ ಕೋಮೊ ಪಟ್ಟಣದಲ್ಲಿ ಜನಿಸಿದರು. ನಾಲ್ಕು ವರ್ಷವಾದರೂ ಮಗು ಮಾತನಾಡಲಿಲ್ಲ ಎಂದು ಹೇಳುತ್ತಾರೆ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಮುಂದೆ ಇದೇ ಹುಡುಗ ಓದಿನಲ್ಲಿ ಮುಂದೆ ಬಂದು, 1774ರಲ್ಲಿ ಕೋಮೊದ ಶಾಲೆಯಲ್ಲಿ ಭೌತವಿಜ್ಞಾನದ ಅಧ್ಯಾಪಕರಾದರು. 1776ರಲ್ಲಿ ಜೌಗು ನೀರಿನಿಂದ ಏಳುವ ಗುಳ್ಳೆಗಳನ್ನು ಹಿಡಿದು, ಅವುಗಳಲ್ಲಿ ಉರಿಯುವ ಅನಿಲವಿದೆ ಎಂದು ತೋರಿಸಿದರು. ಅದೇ ಮೀಥೇನ್. ನಮ್ಮ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಇದೇ ಅನಿಲ.

ಕಪ್ಪೆಯ ಕಾಲಿನಿಂದ ಹುಟ್ಟಿದ ಪ್ರಶ್ನೆ

ಇಟಲಿಯವರೇ ಆದ ಲೂಯಿಜಿ ಗಾಲ್ವಾನಿ ಎಂಬ ವಿಜ್ಞಾನಿ, ಸತ್ತ ಕಪ್ಪೆಯ ಕಾಲಿಗೆ ಎರಡು ಬಗೆಯ ಲೋಹಗಳನ್ನು ತಾಗಿಸಿದಾಗ ಕಾಲು ಅದುರುವುದನ್ನು ಕಂಡರು. ವಿದ್ಯುತ್ತು ಕಪ್ಪೆಯ ದೇಹದಲ್ಲೇ ಇದೆ ಎಂದು 1791ರಲ್ಲಿ ಪ್ರಕಟಿಸಿದರು. ವೋಲ್ಟಾ ಮೊದಲು ಅದನ್ನು ಒಪ್ಪಿದರು. ಆದರೆ ಪ್ರಯೋಗವನ್ನು ತಾವೇ ಮತ್ತೆ ಮತ್ತೆ ಮಾಡಿ ನೋಡಿದಾಗ ಸಂದೇಹ ಬಂತು. ಎರಡು ಬೇರೆ ಬೇರೆ ಲೋಹಗಳ ನಡುವೆ ತೇವವಿದ್ದರೆ ಸಾಕು, ಕಪ್ಪೆ ಬೇಕಿಲ್ಲ ಎಂದು ಅವರು ವಾದಿಸಿದರು.

ಅದನ್ನು ತೋರಿಸಲು ಸತು ಮತ್ತು ಬೆಳ್ಳಿಯ ಬಿಲ್ಲೆಗಳನ್ನು ಜೋಡಿ ಜೋಡಿಯಾಗಿ ಇಟ್ಟು, ಪ್ರತಿ ಜೋಡಿಯ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟಿನ ತುಂಡು ಇರಿಸಿ ಕಂಬದಂತೆ ಪೇರಿಸಿದರು. ಕಂಬದ ಎರಡು ತುದಿಗಳನ್ನು ತಂತಿಯಿಂದ ಸೇರಿಸಿದಾಗ ವಿದ್ಯುತ್ತು ಎಡೆಬಿಡದೆ ಹರಿಯಿತು. 1800ರ ಮಾರ್ಚ್ 20ರಂದು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಪತ್ರ ಬರೆದು ಇದನ್ನು ತಿಳಿಸಿದರು. ಅಲ್ಲಿಯವರೆಗೆ ಜನರಿಗೆ ಸಿಗುತ್ತಿದ್ದುದು ಉಜ್ಜಿದಾಗ ಬರುವ ಕ್ಷಣಕಾಲದ ಕಿಡಿ ಮಾತ್ರ.

ಮೊದಲ ಬ್ಯಾಟರಿಯೂ ಸೋರುತ್ತಿತ್ತು!

ಕಂಬಕ್ಕೆ ಒಂದು ದೋಷವಿತ್ತು. ಬಿಲ್ಲೆಗಳ ಭಾರಕ್ಕೆ ರಟ್ಟಿನೊಳಗಿನ ಉಪ್ಪುನೀರು ಹಿಂಡಿಕೊಂಡು ಹೊರಗೆ ಇಳಿಯುತ್ತಿತ್ತು. ಆಗ ವಿದ್ಯುತ್ತು ತಂತಿಯ ದಾರಿ ಬಿಟ್ಟು ಆ ನೀರಿನ ಮೂಲಕವೇ ಹರಿದು ವ್ಯರ್ಥವಾಗುತ್ತಿತ್ತು. ವೋಲ್ಟಾ ಇನ್ನೊಂದು ಜೋಡಣೆಯನ್ನೂ ಮಾಡಿದ್ದರು. ಉಪ್ಪುನೀರು ತುಂಬಿದ ಬಟ್ಟಲುಗಳನ್ನು ಸಾಲಾಗಿ ಇಟ್ಟು, ಲೋಹದ ಪಟ್ಟಿಗಳಿಂದ ಒಂದಕ್ಕೊಂದು ಸೇರಿಸುವುದು. ಇಲ್ಲಿ ಭಾರವೂ ಇಲ್ಲ, ಹಿಂಡುವುದೂ ಇಲ್ಲ.

1801ರಲ್ಲಿ ಪ್ಯಾರಿಸ್ಸಿನಲ್ಲಿ ನೆಪೋಲಿಯನ್ನನ ಎದುರು ವೋಲ್ಟಾ ತಮ್ಮ ಪ್ರಯೋಗ ತೋರಿಸಿದರು. 1827ರ ಮಾರ್ಚ್ 5ರಂದು ತಮ್ಮ ಊರಿನ ಬಳಿಯೇ ನಿಧನರಾದರು. 1881ರಲ್ಲಿ ವಿಜ್ಞಾನಿಗಳು ಅವರ ಗೌರವಾರ್ಥ ವೋಲ್ಟ್ ಎಂಬ ಮಾನಕ್ಕೆ ಮಾನ್ಯತೆ ನೀಡಿದರು.

ಹಳೆಯ ಕಂಪ್ಯೂಟರಿನ ಕಥೆ

ಸೋರುವ ತೊಂದರೆ ಮಾತ್ರ ಇಂದಿಗೂ ಉಳಿದಿದೆ. 1980 ಮತ್ತು 90ರ ದಶಕಗಳ ಕೆಲವು ಮನೆ ಕಂಪ್ಯೂಟರುಗಳಲ್ಲಿ, ವಿದ್ಯುತ್ತು ಇಲ್ಲದಾಗಲೂ ಗಡಿಯಾರ ನಡೆಯಲೆಂದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಒಳಗೇ ಬೆಸೆದಿರುತ್ತಿದ್ದರು. ವರ್ಷಗಳು ಕಳೆದಂತೆ ಅದರಿಂದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಸೋರುತ್ತದೆ. ಇದು ಪ್ರಬಲ ಪ್ರತ್ಯಾಮ್ಲ. ಒಳಗಿನ ಸಣ್ಣ ತಾಮ್ರದ ಗೆರೆಗಳನ್ನು ತಿಂದು ಹಸಿರು ಕಿಲುಬು ಬರಿಸುತ್ತದೆ; ಕಂಪ್ಯೂಟರು ಸತ್ತುಹೋಗುತ್ತದೆ. ಸ್ವಾರಸ್ಯವೆಂದರೆ, ವೋಲ್ಟಾ ತೋರಿಸಿದ ದಾರಿಯಲ್ಲಿ ಮಾಡಿದ ಬ್ಯಾಟರಿಯನ್ನು ಬಳಸಿ 1807ರಲ್ಲಿ ಹಂಫ್ರಿ ಡೇವಿ ಇದೇ ವಸ್ತುವಿನಿಂದ ಪೊಟ್ಯಾಸಿಯಂ ಲೋಹವನ್ನು ಮೊದಲ ಬಾರಿಗೆ ಬೇರ್ಪಡಿಸಿದರು.

ಆದ್ದರಿಂದ ಹಳೆಯ ಯಂತ್ರ ಕೈಗೆ ಬಂದ ಕೂಡಲೇ ತಿಳಿದವರು ಮೊದಲು ಆ ಬ್ಯಾಟರಿಯನ್ನು ತೆಗೆಯುತ್ತಾರೆ. ಪ್ಲಗ್ ಕಿತ್ತು, ಕೈಗವಸು ಮತ್ತು ಕನ್ನಡಕ ಧರಿಸಿ, ಬ್ಯಾಟರಿಯ ಕಾಲುಗಳನ್ನು ಕತ್ತರಿಸುತ್ತಾರೆ. ಸೋರಿದ ಜಾಗವನ್ನು ಹತ್ತಿಯಲ್ಲಿ ಅದ್ದಿದ ವಿನೆಗರ್‌ನಿಂದ ಒರೆಸುತ್ತಾರೆ. ಆಮ್ಲವೂ ಪ್ರತ್ಯಾಮ್ಲವೂ ಸೇರಿದರೆ ಏನಾಗುತ್ತದೆ? ತಟಸ್ಥೀಕರಣ! ಆಮೇಲೆ ಚೆನ್ನಾಗಿ ಸ್ವಚ್ಛಗೊಳಿಸಿ ಒಣಗಿಸುತ್ತಾರೆ. ಇದು ದೊಡ್ಡವರ ಕೆಲಸ; ನೀವು ಮಾಡಬೇಡಿ.

ನೀವು ಮಾಡಬಹುದಾದದ್ದು

• ಶಾಲೆಯಲ್ಲಿ ಮತ್ತು ಮನೆಯಲ್ಲಿ ಸೆಲ್ಲಿನಿಂದ ನಡೆಯುವ ವಸ್ತುಗಳ ಪಟ್ಟಿ ಮಾಡಿ.
• ಬಳಸದೆ ಇಟ್ಟಿರುವ ಟಾರ್ಚ್, ರಿಮೋಟ್, ಆಟಿಕೆಗಳಿಂದ ಸೆಲ್ಲು ತೆಗೆಯುವಂತೆ ದೊಡ್ಡವರಿಗೆ ನೆನಪಿಸಿ.
• ಸೆಲ್ಲಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಮುಟ್ಟಬೇಡಿ, ಶಿಕ್ಷಕರಿಗೆ ತಿಳಿಸಿ. ಮುಟ್ಟಿದ್ದರೆ ಕೂಡಲೇ ಹೆಚ್ಚು ನೀರಿನಲ್ಲಿ ಕೈ ತೊಳೆಯಿರಿ.
• ಸೆಲ್ಲನ್ನು ಒಡೆಯಬೇಡಿ, ಬೆಂಕಿಗೆ ಹಾಕಬೇಡಿ, ಕೆರೆಗೆ ಎಸೆಯಬೇಡಿ. ಕ್ಯಾಡ್ಮಿಯಂ ವಿಷಕಾರಿ ಲೋಹ. ಹಳೆಯ ಬ್ಯಾಟರಿಗಳನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ತಲುಪಿಸಲು ಶಿಕ್ಷಕರ ಸಹಾಯ ಪಡೆಯಿರಿ.